ಲಗೋರಿಯ ಏಳನೆಯ ಕಲ್ಲು

ನನ್ನ ಮೇಜಿನ ಮೇಲೆ, ಮಕ್ಕಳ ಪುಸ್ತಕಗಳ ಹಾಳೆ ಗಾಳಿಗೆ ಹಾರದಿರಲೆಂದು, ಅಂಗೈಯಗಲದ ಒಂದು ಚಪ್ಪಟೆ ಕಲ್ಲಿದೆ. ಅಂಚು ಸವೆದದ್ದು, ಒಮ್ಮೆ ನೋಡಿದವರು ಮತ್ತೊಮ್ಮೆ ನೋಡದಂಥದ್ದು. ಸಿರಾದ ನಮ್ಮ ಶಾಲೆಗೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರು ಕಾಫಿಗೆ ನಮ್ಮ ಮನೆಗೂ ಬಂದು, ಅದನ್ನು ಕಂಡು, "ಇದೇನಮ್ಮ, ಸಾಲಿಗ್ರಾಮವೇ?" ಎಂದರು. "ಅದಕ್ಕಿಂತ ಒಂದು ಕೈ ಮೇಲು ಸ್ವಾಮಿ, ಲಗೋರಿ ಕಲ್ಲು" ಎಂದೆ. ವರದಿಯಲ್ಲಿ ಏನು ಬರೆದರೋ ತಿಳಿಯದು. ಬಡ್ತಿಯಂತೂ ಇನ್ನೂ ಬಂದಿಲ್ಲ.

ಸಾಹೇಬರಿಗೆ ಹೇಳದ್ದನ್ನು ನಿಮಗೆ ಹೇಳಬಹುದು. ಏಳು ಕಲ್ಲುಗಳ ಲಗೋರಿಯಲ್ಲಿ ತುತ್ತತುದಿಗೆ ಕೂರುತ್ತಿದ್ದ ಕಲ್ಲಿದು. ಕೂರಿಸಿದವಳು ನನ್ನ ತಂಗಿ ಸೀತು.

ಸೀತು ಮಾತಾಡುತ್ತಿರಲಿಲ್ಲ. ಕರೆದರೆ ತಿರುಗಳು, ಮುಖ ನೋಡಳು, ಯಾರಾದರೂ ಮುಟ್ಟಿದರೆ ಬೀದಿಗೆಲ್ಲ ಕೇಳುವಂತೆ ಕಿರುಚುವಳು. ಹುಣಸೆಬೀಜವೋ, ಬಳೆಚೂರೋ, ಮನೆಗೆ ಬಂದ ಬೀಗರ ಕೆರವೋ, ಕೈಗೆ ಸಿಕ್ಕಿದ್ದನ್ನೆಲ್ಲ ಗಾತ್ರದ ಪ್ರಕಾರ ಸಾಲಾಗಿ ಜೋಡಿಸುವಳು. ನಮ್ಮ ಮಧುಗಿರಿಯಲ್ಲಿ ಇದಕ್ಕೊಂದು ಹೆಸರಿರಲಿಲ್ಲವೇ ಹೊರತು ಮದ್ದಿಗೇನೂ ಬರವಿರಲಿಲ್ಲ. ಸಿದ್ದರಬೆಟ್ಟದ ಬೇರು, ಸಿರಾದ ತಾಯಿತ, ಕೊರಟಗೆರೆಯ ಪಂಡಿತರ ಕಹಿ ಗುಳಿಗೆ ಎಲ್ಲವೂ ಆದವು. ಪರಿಣಾಮವಾಗಿ ಅವಳು ತಾಯಿತಗಳನ್ನು ಬಿಚ್ಚಿ, ಅವನ್ನೂ ಗಾತ್ರದ ಪ್ರಕಾರ ಜೋಡಿಸಿಟ್ಟಳು.

ಒಮ್ಮೆ ಯಾರಿಗೂ ಕಾಣದಂತೆ ಹೊರಟು, ಕೋಟೆಬೆಟ್ಟದ ಮೆಟ್ಟಿಲುಗಳನ್ನು ಹತ್ತುತ್ತ ಹತ್ತುತ್ತ ಜಾರುಬಂಡೆಯವರೆಗೂ ಹೋಗಿಬಿಟ್ಟಿದ್ದಳು. ಅಂದಿನಿಂದ ಅಮ್ಮ ಸಂಜೆ ಸೌದೆಗೆ, ನೀರಿಗೆ ಹೋಗುವಾಗ ಹಳೆಯ ಸೀರೆಯ ತುಂಡಿನಿಂದ ಅವಳ ಸೊಂಟವನ್ನು ನಡುಮನೆಯ ಕಂಬಕ್ಕೆ ಕಟ್ಟುತ್ತಿದ್ದಳು. ಕಟ್ಟಿ, ಹೊಸಿಲು ದಾಟಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಲೇ ಪುಟ್ಟಿ, ನೀನು ಆಟಕ್ಕೆ ಕರ್ಕೊಂಡೋದ್ರೆ ಸರಿ, ಇಲ್ದಿದ್ರೆ ಕಂಬವೇ ಗತಿ ಕಣೆ. ನಂಗೇನು ಇದು ಖುಸಿಯಾ?" ಎಂದಳು ಒಂದು ದಿನ.

ಕರೆದುಕೊಂಡು ಹೋದೆ. ನಮ್ಮ ಕೋಟೆ ಬೀದಿಯ ದಂಡಿನ ನಾಯಕ ಕೆಂಚ, ಎತ್ತರದಲ್ಲಿ ಎಲ್ಲರಿಗಿಂತ ಗಿಡ್ಡ, ಗಾಂಭೀರ್ಯದಲ್ಲಿ ಅಮಲ್ದಾರ. ಸೀತುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಗ್ಲಿ ಬುಡು, ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದು ತೀರ್ಪಿತ್ತ. ಎಳೆಯ ಮಕ್ಕಳನ್ನು ಅಳಿಸದೆ ಸೇರಿಸಿಕೊಳ್ಳಲು ನಮ್ಮವರು ಕಂಡುಕೊಂಡ ಉಪಾಯವಿದು: ಅವರು ಓಡಬಹುದು, ಕೂಗಬಹುದು, ಅವರಿಗೆ ಚೆಂಡಿನಿಂದ ಹೊಡೆಯುವಂತಿಲ್ಲ, ಅವರಿಗೆ ಸೋಲೂ ಇಲ್ಲ, ಗೆಲುವೂ ಇಲ್ಲ. ದೊಡ್ಡ ದೊಡ್ಡ ಸಭೆಗಳಲ್ಲಿ ಹಾರ ಹಾಕಿಸಿಕೊಂಡು ಕುಳಿತುಬರುವ ಗಣ್ಯರಲ್ಲೂ ಅನೇಕರ ಸ್ಥಾನ ಇದೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಸೀತು ಹೊಂಗೆ ಮರದಡಿ ನಿಂತು ಕಲ್ಲುಗಳನ್ನೇ ನೋಡುತ್ತಿದ್ದಳು. ಒಂದು ಸಂಜೆ ಪೇಟೆ ಬೀದಿಯವರ ಮೇಲೆ ಪಂದ್ಯ. ಕೆಂಚ ಕಲ್ಲು ಉರುಳಿಸಿದ. ಮತ್ತೆ ಪೇರಿಸುವುದು ನಮ್ಮ ಪಾಲು, ಅಷ್ಟರೊಳಗೆ ಚೆಂಡಿನಿಂದ ಹೊಡೆದು ನಮ್ಮನ್ನು ಔಟು ಮಾಡುವುದು ಅವರ ಪಾಲು. ಅವರ ನಾಯಕ ರಹೀಮನ ಗುರಿ ತಪ್ಪುವಂಥದ್ದಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಔಟಾದೆವು. ಆಗ ಸೀತು ಬಂದಳು. ಬಿದ್ದ ಕಲ್ಲುಗಳನ್ನು ಬಿದ್ದಂತೆ ಬಿಡುವುದು ಅವಳಿಂದಾಗದ ಕೆಲಸ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಅವಸರವಿಲ್ಲದೆ ಏಳನ್ನೂ ಪೇರಿಸಿದಳು. ರಹೀಮ ಚೆಂಡು ಹಿಡಿದು, ಹೊಡೆಯಲಾರದೆ, ಪಕ್ಕದಲ್ಲೇ ನಿಂತಿದ್ದ. ಪೇರಿಸಿದ ಮೇಲೆ ಕೂಗಿದರೆ ತಾನೇ ಗೆಲುವು? ಅವಳ ಪರವಾಗಿ ನಾನು "ಲಗೋರಿ!" ಎಂದು ಕೂಗಿದೆ.

"ಅರೆ, ಇದೆಂಥ ಇನ್ಸಾಫು? ಲೆಕ್ಕಕ್ಕಿಲ್ದೋಳು ಜೋಡ್ಸಿದ್ರೆ ಅದೆಂಗೆ ಗೆಲುವು?" ಎಂದ ರಹೀಮ. ಅವನು ಹೇಳಿದ್ದು ನ್ಯಾಯವೇ.

ಕೆಂಚ ನನ್ನತ್ತ ತಿರುಗಿದ. "ಲೆಕ್ಕಕ್ಕೆ ಇಟ್ಕಂಡ್ರೆ ನಾಳೆಯಿಂದ ಅವಳ್ಗೂ ಚೆಂಡು ಬೀಳ್ತದೆ. ನೀನೇ ಯೋಳಮ್ಮಿ."

ಮುಟ್ಟಿದರೆ ಕಿರುಚುವವಳಿಗೆ ಚೆಂಡು ಬಿದ್ದರೆ? ಕಿರುಚಿದರೆ ಮರುದಿನ ಯಾರೂ ಸೇರಿಸುವುದಿಲ್ಲ. ಮತ್ತೆ ಅದೇ ಕಂಬ. ಬೇಡವೆಂದರೆ ಹೊಂಗೆ ಮರ ಖಾಯಂ. ಅದೂ ಒಂದು ಕಂಬವೇ ಅಲ್ಲವೇ?

"ಇಟ್ಕಳ್ರಿ" ಎಂದೆ.

ಮರುಸಂಜೆ ರಹೀಮ ಹೊಡೆದ ಚೆಂಡು ಸೀತುವಿನ ಬೆನ್ನಿಗೆ ಧಪ್ಪೆಂದು ಬಿತ್ತು. ಆಟವೆಲ್ಲ ನಿಂತುಹೋಯಿತು. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ಕಿರುಚಾಟ ಕೇಳಲಿಲ್ಲ. ಕಣ್ಣು ಬಿಟ್ಟಾಗ ಅವಳು ಔಟಾದವರ ಸಾಲಿನ ಮುಂದೆ ನಿಂತಿದ್ದಳು. ಯಾರನ್ನೂ ಮುಟ್ಟದವಳು ಒಬ್ಬೊಬ್ಬರ ತೋಳು ಹಿಡಿದೆಳೆದು, ಎತ್ತರದ ಪ್ರಕಾರ ಕೂರಿಸುತ್ತಿದ್ದಳು. ನಾಯಕ ಕೆಂಚನಿಗೆ ಕಟ್ಟಕಡೆಯ ಜಾಗ ಬಂತು. ಹೋಗಿ ಕೂತ. ಆಮೇಲೆ ಸಾಲಿನಲ್ಲಿ ತನ್ನ ಎತ್ತರಕ್ಕೆ ಸರಿಯಾದ ಎಡೆ ನೋಡಿಕೊಂಡು ತಾನೂ ಕೂತಳು. ನಾನು ಅತ್ತೆ. ಯಾಕೆ ಅಳುತ್ತೀಯೆಂದು ಯಾರೂ ಕೇಳಲಿಲ್ಲ, ಆಟ ಮುಂದುವರಿದಿತ್ತು.

ವಾರದೊಳಗೆ ಬಟ್ಟೆಚೆಂಡು ಬಿಚ್ಚಿಹೋಗಿ, ಹುಡುಗರು ಚಿಂದಿ ಕೇಳುತ್ತ ನಮ್ಮ ಬಾಗಿಲಿಗೆ ಬಂದರು. ಅಮ್ಮ ನಡುಮನೆಗೆ ಹೋಗಿ, ಕಂಬದಿಂದ ಆ ಸೀರೆಯ ತುಂಡನ್ನು ಬಿಚ್ಚಿ ತಂದು ಕೊಟ್ಟಳು. "ಗಟ್ಟಿ ಬಟ್ಟೆ ಕಣ್ರಲಾ, ಬಿಗಿಯಾಗಿ ಸುತ್ಕಳ್ರಿ" ಎಂದಷ್ಟೇ ಹೇಳಿದಳು.

ಈಗ ಸೀತು ಸಿರಾದಲ್ಲಿ ನನ್ನ ಜೊತೆಗೇ ಇದ್ದಾಳೆ. ಮಾತು ಈಗಲೂ ಇಲ್ಲ. ದಿನವೂ ಸಂಜೆ ಮೇಜಿನ ಪುಸ್ತಕಗಳನ್ನು, ದೊಡ್ಡದು ಕೆಳಗೆ ಚಿಕ್ಕದು ಮೇಲೆ, ಪೇರಿಸುತ್ತಾಳೆ. ನಾನು ಬರೆಯುತ್ತಿರುವ ಈ ಹಾಳೆಯನ್ನೂ ಇದೀಗ ನನ್ನ ಕೈಯಿಂದ ಎಳೆದುಕೊಳ್ಳುತ್ತಿದ್ದಾಳೆ. ಎಲ್ಲದರ ಮೇಲೆ ಆ ಕಲ್ಲನ್ನಿಟ್ಟು, ನನ್ನ ಬಾಯನ್ನೇ ನೋಡುತ್ತ ಕಾಯುತ್ತಾಳೆ. ನಾನೋ ನಲವತ್ತು ಸಮೀಪಿಸಿದ ಉಪಾಧ್ಯಾಯಿನಿ, ಪಕ್ಕದ ಮನೆಯಲ್ಲಿ ಹೆಡ್‌ಮಾಸ್ತರರಿದ್ದಾರೆ. ಆದರೂ ದಿನವೂ ತಪ್ಪದೆ, ಗಂಟಲು ಬಿಚ್ಚಿ ಕೂಗುತ್ತೇನೆ: "ಲಗೋರಿ!"