ಸುರಪುರದ ಗದ್ದೆಯಲ್ಲಿ ಸಿಕ್ಕ ಪಾಯಿಂಟ್ ಗಾರ್ಡ್

ಶನಿವಾರ ಬೆಳಿಗ್ಗೆ ಏಳರ ಬಸ್ಸಿಗೆ ಯಾದಗಿರಿ ಬಿಟ್ಟೆ. ಮರುದಿನ ಮಧ್ಯಾಹ್ನ ನಮ್ಮೂರಿನಲ್ಲೇ ಕಲಬುರಗಿಯವರ ಮೇಲೆ ಬಾಸ್ಕೆಟ್‌ಬಾಲ್ ಪಂದ್ಯ. ನಮ್ಮ ಹೆಂಗಸರ ತಂಡದಲ್ಲಿ ಚೆಂಡನ್ನು ಮುಂದಕ್ಕೊಯ್ದು ಉಳಿದವರಿಗೆ ಹಂಚುತ್ತಿದ್ದ ಪಾಯಿಂಟ್ ಗಾರ್ಡ್ ಬಳ್ಳಾರಿಗೆ ವರ್ಗವಾಗಿ ಹೋಗಿದ್ದಳು. ಯಾವ ತಂಡಕ್ಕೂ ಸೇರದ ಒಬ್ಬಳನ್ನು ಹೊರಗಿನಿಂದ ತರಬಹುದೆಂಬ ನಿಯಮವಿತ್ತು. ಈ ಸಲವೂ ಸೋತರೆ ತಂಡವನ್ನೇ ಮುಚ್ಚುತ್ತೇವೆಂದು ನಮ್ಮ ಕ್ರೀಡಾ ಸಂಘದವರು ಹೇಳಿಬಿಟ್ಟಿದ್ದರು. ಆ ತಂಡ ಕಟ್ಟಿದವಳು ನಾನು, ಶಾಲೆಯ ಆಟದ ಟೀಚರ್. ಸುಮ್ಮನೆ ಕೂರುವುದು ಹೇಗೆ?

ಭೀಮಾ ಸೇತುವೆ ದಾಟುವಾಗ ಜನವರಿಯ ಗಾಳಿ ಕಿಟಕಿಯಿಂದ ಸುಯ್ಯೆಂದು ನುಗ್ಗಿತು. ತೊಡೆಯ ಮೇಲೆ ಜಾಳಿಗೆಯಲ್ಲಿ ಚೆಂಡು. ಕಂಡಕ್ಟರ್ ಅದನ್ನು ನೋಡಿ, "ಇದಕ್ಕೂ ಅರ್ಧ ಟಿಕೀಟ್ ಕೊಡ್ಲೇನ್ರಿ?" ಎಂದ. ಶಹಾಪುರ ಹತ್ತಿರವಾದಂತೆ ಜೋಳದ ಹೊಲಗಳು ಕಡಿಮೆಯಾಗಿ, ಕಾಲುವೆಯ ಗುಂಟ ಭತ್ತದ ಹಸಿರು ಶುರುವಾಯಿತು.

ಮೊದಲು ಕೇಳಲು ಹೋದ ಶಹಾಪುರದ ಹುಡುಗಿ ಆಟದಲ್ಲಿ ಹೆಸರುವಾಸಿ. ಮಾತಾಡಿದ್ದು ಮಾತ್ರ ಅವಳ ಮಾವ. ಅವನು ಕೇಳಿದ್ದು ಹೋಗಿಬರಲು ಕಾರು, ಹೊಸ ಬೂಟು, ಮೇಲೆ ನಮ್ಮ ಸಂಘದ ವರ್ಷದ ಖರ್ಚಿನಷ್ಟು ರೊಕ್ಕ! ಚಹಾ ಕುಡಿದು ಕೈಮುಗಿದೆ. ಬಸ್ ನಿಲ್ದಾಣದಲ್ಲಿ ಮಂಡಕ್ಕಿಯ ಸೂಸಲ, ಮಿರ್ಚಿ ತಿಂದು, ಸಿಟ್ಟನ್ನೂ ಖಾರವನ್ನೂ ಒಟ್ಟಿಗೆ ನುಂಗಿ ಸುರಪುರದ ಬಸ್ ಹತ್ತಿದೆ.

ಅಲ್ಲಿದ್ದವಳು ಶರಣಮ್ಮ. ಕಾಲೇಜಿನಲ್ಲಿ ಚೆನ್ನಾಗಿ ಆಡುತ್ತಿದ್ದಳು, ಮದುವೆಯಾಗಿ ಆಟ ಬಿಟ್ಟಳು ಎಂದಷ್ಟೇ ಕೇಳಿದ್ದೆ. ಮನೆಯಲ್ಲಿರಲಿಲ್ಲ; ಗದ್ದೆಗೆ ಹೋಗಿದ್ದಾಳೆಂದು ಪಕ್ಕದವರು ದಾರಿ ತೋರಿಸಿದರು. ಊರಾಚೆ ಕಾಲುವೆಯ ಬಳಿ ಐದಾರು ಜನ ನೀರಿಗಾಗಿ ಕೂಗಾಡುತ್ತಿದ್ದರು. ನಡುವೆ ಸೀರೆ ಎತ್ತಿಕಟ್ಟಿ, ಸಲಿಕೆ ಹಿಡಿದು ಅವಳು ನಿಂತಿದ್ದಳು. "ಭೀಮಣ್ಣಾ, ನಿನ್ನ ತೂಬು ಇಳಸು. ಮಲ್ಲಕ್ಕ, ನೀ ಈಗ ಬಿಡು. ಜಲ್ದಿ!" ಬೆನ್ನ ಹಿಂದೆ ಇದ್ದವರನ್ನು ತಿರುಗಿಯೂ ನೋಡದೆ ಹೇಳುತ್ತಿದ್ದಳು. ಎಲ್ಲರೂ ಗೊಣಗುತ್ತಲೇ ಕೇಳಿದರು.

ನನಗೆ ತಡೆಯಲಾಗಲಿಲ್ಲ. "ಶರಣಮ್ಮಾ!" ಎಂದು ಕೂಗಿ ಚೆಂಡು ಎಸೆದೇಬಿಟ್ಟೆ. ಸಲಿಕೆ ಕೆಳಗೆ ಬಿತ್ತು. ಹಿಡಿದಳೋ ಇಲ್ಲವೋ, ಅದೇ ಚೆಂಡು ಬಂದು ನನ್ನ ಎದೆಗೆ ಬಡಿಯಿತು. ನೋವಾಯಿತು, ಅಂಥ ಖುಷಿಯ ನೋವು ನಾನು ಕಂಡಿರಲಿಲ್ಲ.

ಪಂದ್ಯಕ್ಕೆ ಬಾ ಎಂದಾಗ ಅವಳ ಮುಖ ಅರಳಿತು. ಆದರೆ ಅತ್ತೆ ಈರಮ್ಮ ಅಡ್ಡ ನಿಂತರು. ಕಾಲುವೆಯ ನೀರು ಪಾಳಿಯ ಮೇಲೆ ಬರುತ್ತದೆ, ಅವರ ಗದ್ದೆಯ ಪಾಳಿ ಭಾನುವಾರ.

"ಮಗ ಲಾರಿ ತಗೊಂಡು ಹೈದರಾಬಾದಿಗೆ ಹೋಗ್ಯಾನ. ನಾಳಿನ ಪಾಳಿ ತಪ್ಪಿದ್ರ ಮತ್ತ ಎಂಟು ದಿನ ನೀರಿಲ್ಲ, ಅಕ್ಕೋರೆ."

"ಎಷ್ಟು ಕೊಡಬೇಕು ಹೇಳ್ರಿ."

"ನಿಮ್ಮ ರೊಕ್ಕ ಯಾರಿಗೆ ಬೇಕಾಗೇದ? ಸಲಿಕಿ ಹಿಡ್ಯಾಕ ಆಳು ಬೇಕು."

"ನಾ ನಿಂದರ್ತೀನಿ," ಎಂದೆ. ಹೇಳಿದ ಮೇಲೆ ಹೊಳೆಯಿತು. ನನ್ನ ತಂಡದ ಪಂದ್ಯ, ನಾನೇ ನೋಡುವಂತಿಲ್ಲ!

ರಾತ್ರಿ ಅವರ ಮನೆಯಲ್ಲೇ ರೊಟ್ಟಿ, ಪುಂಡಿಪಲ್ಯ. ಭಾನುವಾರ ಮೊದಲ ಬಸ್ಸಿಗೆ ಶರಣಮ್ಮನನ್ನು ಹತ್ತಿಸಿ, ನನ್ನ ಬೂಟು ಅವಳಿಗೆ ಕೊಟ್ಟು, ಬರಿಗಾಲಲ್ಲಿ ಗದ್ದೆಗಿಳಿದೆ. ಅಲ್ಲಿ ಈರಮ್ಮನೇ ಕೋಚ್. "ಅಲ್ಲಿ ಅಲ್ರಿ! ಒಡ್ಡು ಕಟ್ರಿ! ಸಾಲಿ ಕಲಿಸೋರು ಹಿಂಗೇನ್ರಿ?" ಮೂರು ಸಲ ಕೆಸರಿನಲ್ಲಿ ಕೂತೆ.

ನೀರು ಗದ್ದೆಯ ಕೊನೆಯ ಮಡಿ ಮುಟ್ಟುವ ಹೊತ್ತಿಗೆ ದಂಡೆಯ ಮೇಲಿದ್ದ ನನ್ನ ಮೊಬೈಲ್ ರಿಂಗಾಯಿತು. ಒಡೆಯುತ್ತಿದ್ದ ಒಡ್ಡನ್ನು ಎರಡೂ ಕೈಯಿಂದ ಒತ್ತಿಹಿಡಿದಿದ್ದೆ. ಈರಮ್ಮನೇ ಎತ್ತಿಕೊಂಡು ಬಹಳ ಹೊತ್ತು ಕೇಳಿದರು.

"ಗೆದ್ದಾರಂತ," ಎಂದರು, ಮುಖ ಗಂಟಿಕ್ಕಿ. "ನಮ್ಮಾಕಿ ಒಂದೂ ಚೆಂಡು ಬುಟ್ಟ್ಯಾಗ ಹಾಕಿಲ್ಲಂತಲ್ರಿ! ಮತ್ಯಾಕ ಕರಕೊಂಡು ಹೋದ್ರಿ?"

ನಾನು ಒಡ್ಡಿನ ಮೇಲೇ ಕುಸಿದು ನಗುತ್ತಲೇ ಅತ್ತುಬಿಟ್ಟೆ. ಅವಳು ಹಂಚಿದ್ದರಿಂದಲೇ ಉಳಿದವರು ಹಾಕಿದರೆಂದು ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ.

ಸಂಜೆ, ಅವರದೇ ಹಳೆಯ ಚಪ್ಪಲಿ ಮೆಟ್ಟಿ ಯಾದಗಿರಿ ಬಸ್ ಹತ್ತಿದೆ. ಬಸ್ ಹೊರಟಾಗ ಈರಮ್ಮ ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದರು.

"ಮುಂದಿನ ಆಟ ನಮ್ಮ ಪಾಳಿ ಇಲ್ಲದ ದಿನ ಇಡಸ್ರಿ, ಅಕ್ಕೋರೆ. ಅಕಿ ಏನ್ ಹಂಚತಾಳೋ, ನಾನೂ ಬಂದು ನೋಡ್ತೀನಿ."