ಎಡಗೈಯ ಬಳೆಗಳು

ನನ್ನ ಎಡಗೈ ಹುಟ್ಟಿನಿಂದಲೇ ಮೊಣಕೈಯ ಸ್ವಲ್ಪ ಕೆಳಗೆ ಮುಗಿದುಹೋಗುತ್ತದೆ. ಲಕ್ಕೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಆ ತುದಿಯಿಂದ ಹಿಪ್ಪುನೇರಳೆ ಕಡ್ಡಿಯನ್ನು ಒತ್ತಿಹಿಡಿದು ಬಲಗೈಯಲ್ಲಿ ಸೊಪ್ಪು ಬಿಡಿಸುವುದರಲ್ಲಿ ನಾನು ಅಕ್ಕನಿಗಿಂತ ಚುರುಕು.

ಹೆಣ್ಣು ನೋಡಲು ಬರುತ್ತಾರೆಂದಾಗ ಅಮ್ಮ ಬೆಂಗಳೂರಿನಲ್ಲಿ ರಬ್ಬರ್ ಕೈ ಮಾಡಿಸಿದಳು. ಅದನ್ನು ಹಾಕಿಕೊಂಡ ಗಂಟೆಗಳನ್ನು ದಿನವೂ ಡೈರಿಯಲ್ಲಿ ಬರೆಯುತ್ತಿದ್ದೆ. ಮೊದಲ ದಿನ ಎರಡು. ಬಳೆ ಶಾಸ್ತ್ರದ ಗುರುವಾರ ಒಂಬತ್ತು. ಒಳಗೆ ಬೆವರಿ ಚರ್ಮ ಉರಿಯುತ್ತಿತ್ತು.

ನನ್ನನ್ನು ಒಪ್ಪಿದ ಮುಳಬಾಗಿಲಿನ ಹುಡುಗನಿಗೆ ಕೈಯ ವಿಷಯ ಫೋನಿನಲ್ಲಿ ನಾನೇ ಹೇಳಿದ್ದೆ. "ನಂಗೇನೂ ತೊಂದ್ರೆ ಇಲ್ಲ ಕಣೇ. ಅಮ್ಮಂಗೆ ಮದ್ವೆ ಆದ್ಮೇಲೆ ಹೇಳಣ," ಅಂದ. ನನಗೆ ಅದು ಒಗ್ಗಲಿಲ್ಲ. ಬಳೆ ತೊಡುವ ಮೊದಲೇ ಅವನ ತಾಯಿಗೆ ಹೇಳಿಬಿಡಬೇಕೆಂದು ನಿರ್ಧರಿಸಿದ್ದೆ.

ಆದರೆ ಅವರು ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂರುವಷ್ಟರಲ್ಲಿ ಪರವೂರಿನಿಂದ ಬಂದಿದ್ದ ಬಳೆಗಾರ್ತಿ ನನ್ನ ಬಲಗೈ ಹಿಡಿದಾಗಿತ್ತು. ಬಲಗೈಗೆ ಹಸಿರು ಬಳೆ ಸಲೀಸಾಗಿ ಏರಿದವು.

"ಆಂಟಿ, ಒಂದ್ಮಾತು..." ಅಂದೆ.

"ಮೊದ್ಲು ಎಡಗೈ ಕೊಡೇ, ರಾಹುಕಾಲ ಬತ್ತದೆ," ಅಮ್ಮ ಗದರಿದಳು.

ಮುದುಕಿ ಬಳೆಗಾರ್ತಿ ಅಭ್ಯಾಸದಂತೆ ಗೆಣ್ಣು ಅದುಮಿದಳು. "ಬಿಗಿ ಬಿಡಮ್ಮ, ಸಡ್ಲ ಬಿಡು." ಇನ್ನೊಮ್ಮೆ ಅದುಮಿದಳು. ರಬ್ಬರ್ ಮಡಿಚಿಕೊಳ್ಳಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಇವಳಾದರೂ ಹೇಳಿಬಿಡಲಿ ಎಂದು ನಾನೂ ಅವಳನ್ನೇ ನೋಡಿದೆ.

"ಏನಾಯ್ತು?" ಹುಡುಗನ ತಾಯಿ ಬಗ್ಗಿದರು.

"ಏನಿಲ್ಲಮ್ಮ. ಒತ್ತಿದ್ರೆ ನೋವು, ಪಾಪ. ದೊಡ್ಡ ಅಳ್ತೆ ಹಾಕ್ತೀನಿ." ನನ್ನ ಕೈಯನ್ನು ತನ್ನ ಸೆರಗಿನ ಮರೆಗೆ ಎಳೆದುಕೊಂಡು ಒಂದೊಂದಾಗಿ ಜಾರಿಸಿದಳು.

"ಇಷ್ಟು ನಾಜೂಕಾದ್ರೆ ನಮ್ಮನೇಲಿ ಮುದ್ದೆ ಯಾರು ತಿರುವ್ತಾರೆ?" ಹುಡುಗನ ತಾಯಿ ಅಂದರು. ಎಲ್ಲರೂ ನಕ್ಕರು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು.

ಈಗ ನಾನು ನಿಜ ಹೇಳಿದರೆ ಆ ಮುದುಕಿಯೂ ಸುಳ್ಳುಗಾರ್ತಿಯಾಗುತ್ತಿದ್ದಳು. ಬಳೆ ತೊಟ್ಟ ಎಡಗೈಯನ್ನು ಮಡಿಲಿಗೆ ಎಳೆದುಕೊಂಡೆ.

ಹೊರಡುವಾಗ ಅವಳು ಕಿವಿಯ ಹತ್ತಿರ ಬಂದು, "ಹೆದ್ರಬೇಡ ತಲ್ಲಿ, ನಾನು ಯಾರ್ಗೂ ಹೇಳಲ್ಲ," ಅಂದಳು. ಹೇಳಿ ಅಜ್ಜಿ, ನೀವಾದರೂ ಹೇಳಿ ಎನ್ನಬೇಕೆಂದು ಅವಳ ಮಣಿಕಟ್ಟು ಹಿಡಿದುಕೊಂಡೆ. ಹುಡುಗನ ತಾಯಿ ಎರಡು ಮಾರು ದೂರದಲ್ಲಿ ಅಕ್ಕನ ಮಗುವನ್ನು ಆಡಿಸುತ್ತಿದ್ದರು. ಬಳೆಗಾರ್ತಿ ನನ್ನ ಹಿಡಿತವನ್ನು ಕೃತಜ್ಞತೆ ಎಂದುಕೊಂಡು ತಲೆ ಸವರಿದಳು. ಅಮ್ಮ ತಾಂಬೂಲದ ಜೊತೆ ಅವಳಿಗೊಂದು ಹೊಸ ಸೀರೆ ಕೊಟ್ಟು ಬಾಗಿಲವರೆಗೂ ಹೋಗಿ ಕಳಿಸಿಬಂದಳು.