ಬೆರಳಮ್ಮನ ಕನ್ನಡಕ

ಅಪರಾಧಿಗಳ ಬೆರಳ ಗುರುತು ಪತ್ತೆಹಚ್ಚುವುದನ್ನು ಕಲಿಸುವ ತರಬೇತಿ ಕೇಂದ್ರದಲ್ಲಿ ಪಾಠದ ಸಾಮಗ್ರಿ ತಯಾರಿಸಿ ಅಭ್ಯಾಸ ಮಾಡಿಸುವವಳು ಬೆರಳಮ್ಮ. ಹೆಸರಿಟ್ಟವರು ವಿದ್ಯಾರ್ಥಿಗಳು, ಅವಳೂ ಬೇಡವೆನ್ನಲಿಲ್ಲ. ಮನೆಗೆ ಯಾರೇ ಬರಲಿ, ಕುಡಿಯಲು ಕೊಟ್ಟ ಲೋಟವನ್ನು ತೊಳೆಯದೆ, ಪುಡಿ ಬಳಿದು ಅವರ ಬೆರಳಿನ ಅಚ್ಚು ಎತ್ತಿಕೊಳ್ಳುವಳು. "ನಿನ್ ಮನೇಲಿ ನೀರು ಕುಡಿಯೋಕೂ ಭಯ ಕಣೇ," ಎಂದು ಅವಳ ಅಕ್ಕ ರೇಗಿಸುತ್ತಿದ್ದಳು.

ಅಚ್ಚುಗಳನ್ನು ಜೋಡಿ ಮಾಡಿ, ಒಂದೇ ಬೆರಳಿನವೋ ಬೇರೆಯವೋ ಎಂದು ಕೇಳುವುದೇ ಅಭ್ಯಾಸ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಕೂಡದು. ಸರಿಯುತ್ತರ ಗೊತ್ತಿರುವ ಬೆರಳಮ್ಮನಂತೂ ಬಾಯಿಗೆ ಬೀಗ ಹಾಕಿಕೊಂಡೇ ಕೂರುವಳು.

ಈ ಸಲ ಪರೀಕ್ಷೆಗೆ ಕೂರುವವಳು ಸ್ವಂತ ಸೊಸೆ. ಹಿಂದೊಮ್ಮೆ ಫೇಲಾಗಿದ್ದಳು, ಮತ್ತೆ ಫೇಲಾದರೆ ಪ್ರಯೋಗಾಲಯದ ಕೆಲಸ ಕೈತಪ್ಪುತ್ತಿತ್ತು. ಅಭ್ಯಾಸದಲ್ಲಿ ಒಂದೂ ತಪ್ಪದ ಹುಡುಗಿ ಅಲ್ಲಿ ಹೋಗಿ ಯಾಕೆ ಮುಗ್ಗರಿಸಿದಳೋ, ಅತ್ತೆಗೆ ಅದೇ ತಲೆಬಿಸಿ.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಊಟದ ಮೇಜಿನ ಮೇಲೆ ಅಚ್ಚುಗಳನ್ನು ಹರಡಿಕೊಂಡಿದ್ದರು. ಸೊಸೆ ಭೂತಗನ್ನಡಿಯಿಂದ ಕಣ್ಣೆತ್ತಿ, "ಒಂದೇ ಬೆರಳು..." ಎಂದು ರಾಗ ಎಳೆದಳು. ಅತ್ತೆ ಕನ್ನಡಕ ತೆಗೆದು ಒರೆಸಿದಳು.

"ಹ್ಞೂಂ, ಒಂದೇ," ಸೊಸೆಯ ದನಿ ಗಟ್ಟಿಯಾಯಿತು.

"ನನ್ ಮುಖದಲ್ಲೇನೇ ನೋಡ್ತೀಯ?"

"ಉತ್ತರ ಸರಿ ಇದ್ರೆ ಕನ್ನಡಕ ಒರೆಸ್ತೀರಲ್ಲ ಅತ್ತೆ. ನಮ್ ಬ್ಯಾಚಿಗೆಲ್ಲ ಗೊತ್ತು."

ಬೆರಳಮ್ಮ ಕನ್ನಡಕವನ್ನು ಥಟ್ಟನೆ ಮೂಗಿಗೇರಿಸಿದಳು. ಬಾಯಿಗೆ ಹಾಕಿದ ಬೀಗವನ್ನು ಕೈಗೆ ಹಾಕಿರಲಿಲ್ಲ. ಸಿಟ್ಟು ಬಂದದ್ದು ಸೊಸೆಯ ಮೇಲಲ್ಲ, ತನ್ನ ಮೇಲೇ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಳು. ಯಾವ ಸಂಖ್ಯೆಯ ಜೋಡಿ ಯಾವುದೆಂದು ಅವಳಿಗೆ ಬಾಯಿಪಾಠವಿತ್ತು. "ಸಂಖ್ಯೆ ಹೇಳು, ಉತ್ತರ ಹೇಳು."

ಮೊದಲನೆಯದು ತಪ್ಪು. ಎರಡನೆಯದೂ ತಪ್ಪು.

"ಅತ್ತೆ, ಈ ಕಡೆ ತಿರುಗಿ. ನಂಗೆ ಕೈಕಾಲೇ ಆಡ್ತಿಲ್ಲ."

ತಿರುಗಿಬಿಡಲೇ ಎಂದು ಜೀವ ಹೊಡೆದುಕೊಂಡಿತು. "ನಾಳೆ ನಾನಿರಲ್ಲ ಕಣೇ," ಎಂದಳು. "ರೇಖೆ ನೋಡು."

ಮೇಜಿನ ಮೇಲಿದ್ದ ಬಿಸಿಲು ನೆಲಕ್ಕಿಳಿಯುವ ತನಕ ಹೀಗೇ ನಡೆಯಿತು. ತಪ್ಪುಗಳು ಕಡಿಮೆಯಾಗುತ್ತ ಬಂದವು. ಕೊನೆಗೆ ಉಳಿದದ್ದು ಎಂಥವರನ್ನೂ ಯಾಮಾರಿಸುವ ಜೋಡಿ: ಒಂದು ಬೆರಳಮ್ಮನದು, ಇನ್ನೊಂದು ಅವಳ ಅಕ್ಕನದು. ಸೊಸೆ ಭೂತಗನ್ನಡಿಯನ್ನು ಒಂದರಿಂದ ಇನ್ನೊಂದಕ್ಕೆ ಸರಿಸುತ್ತ ರೇಖೆಗಳನ್ನು ಎಣಿಸಿದಳು.

"ಬೇರೆ ಬೇರೆ."

"ಖಂಡಿತಾನಾ?" ಬೆರಳಮ್ಮ ಗೋಡೆ ನೋಡುತ್ತಲೇ ಕೇಳಿದಳು.

"ಖಂಡಿತ. ನೀವೀಗ ತಿರುಗಿ, ಕನ್ನಡಕ ಒರೆಸದೇ ಕೂತ್ರೂ ಬೇರೇನೇ."

ಬೆರಳಮ್ಮ ತಿರುಗಿದಳು. ಕಣ್ಣು ತುಂಬಿ ಕನ್ನಡಕ ಪೂರಾ ಮಂಜಾಗಿತ್ತು. ಅವಳು ಒರೆಸಲಿಲ್ಲ.